ಜಿಮೆಶ್ ರಿವ್ಯೂ: ರಿಫೈನ್ ಬಟನ್ ಬಿಡ್ರಿ, ಸೈಜ್ ಫೀಲ್ಡ್ ಕಲೀರಿ

ಗಂಗಾವತಿ, ಕಾರಟಗಿ ಕಡಿ ರೈಸ್ ಮಿಲ್ಲುಗಳಿಗೆ ಫ್ಯಾಬ್ರಿಕೇಶನ್ ಮಾಡೋ ಶಾಪ್‌ನಾಗ ಡ್ರಾಯಿಂಗ್ ಕೆಲಸ ನಂದು. ಭತ್ತ ಒಣಗಿಸೋ ಡ್ರೈಯರ್‌ಗೆ ಬಿಸಿ ಗಾಳಿ ಕೊಡೋ ಹೊಟ್ಟಿನ ಫರ್ನೆಸ್ ಇರ್ತೈತಲ್ರಿ, ಅದರ ಗೋಡಿಯೊಳಗ ಶಾಖ ಎಲ್ಲಿಂದ ಎಲ್ಲಿಗೆ ಹರೀತೈತಿ ಅಂತ ಲೆಕ್ಕ ಹಾಕಾಕ ಜಿಮೆಶ್ ಬಳಸಾಕತ್ತೀನಿ. ಮೆಶ್ (ಗೋಡಿ ಚಿತ್ರನ ಸಣ್ಣ ಸಣ್ಣ ತುಂಡು ಮಾಡೋ ಜಾಲರಿ, ಒಂದೊಂದು ತುಂಡಿಗೆ ಎಲಿಮೆಂಟ್ ಅಂತಾರ) ಜಿಮೆಶ್‌ನಾಗ, ಲೆಕ್ಕ ಎಲ್ಮರ್‌ನಾಗ, ಬಣ್ಣದ ಚಿತ್ರ ಪ್ಯಾರಾವ್ಯೂನಾಗ, ಮೂರೂ ಪುಕ್ಕಟೆ. ಜಿಮೆಶ್‌ಗೆ ನನ್ನ ಲೆಕ್ಕದಾಗ 5ಕ್ಕೆ 4 ಸ್ಟಾರ್. ಒಂದು ಸ್ಟಾರ್ ಕಟ್ ಮಾಡಿದ್ದು ಯಾಕಂದ್ರ ಅದರೊಳಗಿನ ಭಾರಿ ಒಳ್ಳೆ ವಸ್ತು ಮೆನುದಾಗ ಎಲ್ಲೋ ಒಳಗ ಕುಂತೈತಿ, ಕೈಗೆ ಮೊದಲು ಸಿಗೋದು ಮಾತ್ರ ಯಾರಿಗೂ ಬ್ಯಾಡಾಗಿದ್ದ ಬಟನ್. ಅದ್ಯಾವುದು ಅಂತ ಮುಂದ ಹೇಳ್ತೀನಿ.

ಗೊತ್ತಿಲ್ಲದವ್ರಿಗೆ ಒಂದ್ ಮಾತು. ಜಿಮೆಶ್ ಬೆಲ್ಜಿಯಂದು, ಕ್ರಿಸ್ಟೋಫ್ ಗ್ಯೂಜೇನ್ ಮತ್ತ ಜಾನ್-ಫ್ರಾಂಸ್ವಾ ರೆಮಾಕ್ಲ್ ಅಂತ ಇಬ್ರು ಯೂನಿವರ್ಸಿಟಿ ಮಂದಿ ಕಟ್ಟಿದ್ದು, ಜಿಪಿಎಲ್ ಲೈಸೆನ್ಸು, ಅಂದ್ರ ಯಾರ್ ಬೇಕಾದ್ರೂ ಬಳಸಿ ತಿದ್ದಬಹುದು. ಎಲ್ಮರ್ ಫಿನ್ಲೆಂಡ್‌ದು, ಸಿಎಸ್‌ಸಿ ಅನ್ನೋ ಅಲ್ಲಿನ ಕಂಪ್ಯೂಟಿಂಗ್ ಸೆಂಟರ್‌ನವ್ರು 1995ರಾಗ ಶುರು ಮಾಡಿ 2005ರಾಗ ಎಲ್ಲಾರಿಗೂ ಬಿಟ್ಟುಕೊಟ್ರು. ದೊಡ್ಡ ಪ್ಯಾಕೇಜುಗಳ ಲೈಸೆನ್ಸ್ ರೇಟ್ ಕೇಳಿದ್ರ ನಮ್ಮಂಥ ಶಾಪಿನ ಮಾಲಕ ಫೋನ್ ಇಟ್ಟುಬಿಡ್ತಾನ, ಹಂಗಾಗಿ ನಮಗ ಇದ ಗತಿ, ಮತ್ತ ಖರೇ ಹೇಳ್ಬೇಕಂದ್ರ ಈ ಥರದ ಕೆಲಸಕ್ಕ ಇದು ಗತಿಗೆಟ್ಟ ಆಯ್ಕೆ ಅಲ್ಲವ ಅಲ್ಲ.

ಈಗ ಕೆಲಸ ಏನಿತ್ತು ಅಂದ್ರ, ಒಂದು ಮಿಲ್ಲಿನಾಗ ಹೊಟ್ಟು ಹಾಕೋ ಬಾಗಿಲ ಚೌಕಟ್ಟಿನ ಸುತ್ತ ಹೊರಗಿನ ಪೇಂಟ್ ಸುಟ್ಟು ಕಪ್ಪಾಗ್ತಿತ್ತು, ಉಳಿದ ಗೋಡಿ ಆರಾಮ ಐತಿ. ಸಾವ್ಕಾರ್ರ ಮುಂದ ಮೊದಲ ಬಣ್ಣದ ಚಿತ್ರ ಇಟ್ಟಾಗ ಅವ್ರು ಹೇಳಿದ್ದು ಇಷ್ಟ: "ಚಂದ ಐತ್ರಿ ಇಂಜಿನಿಯರ್ರ, ಕೆಂಪು ಹಳದಿ ಎಲ್ಲಾ ಐತಿ, ನನ್ನ ಪೇಂಟ್ ಯಾಕ್ ಸುಡ್ತೈತಿ ಅದನ್ನ ಹೇಳ್ರಿ." ನ್ಯಾಯವಾದ ಪ್ರಶ್ನೆ. ಮೆಶ್ ಸರಿ ಇಲ್ಲ ಅಂದ್ರ ಆ ಚಿತ್ರ ಕ್ಯಾಲೆಂಡರ್‌ಗೆ ಹಾಕಾಕಷ್ಟ ಬರ್ತೈತಿ.

ಸಾಫ್ಟ್‌ವೇರ್ ತೆರಿಯೋಕಿಂತ ಮೊದಲು ಕ್ಯಾಲ್ಕುಲೇಟರ್ ತಗೊಂಡು ಸಾದಾ ಗೋಡಿದು ಲೆಕ್ಕ ಮಾಡ್ಬೇಕು, ಇದನ್ನ ಬಿಟ್ಟು ಸೀದಾ ಮೆಶ್‌ಗೆ ಹಾರೋರನ್ನ ಕಂಡ್ರ ನನಗ ಸಿಟ್ಟು ಬರ್ತೈತಿ. ನಮ್ಮದು ಹಿಂಗಿತ್ತು: ಒಳಗಿನ ಮುಖ 900 ಡಿಗ್ರಿ, ಫೈರ್ ಬ್ರಿಕ್ 230 ಮಿಮೀ, ಅದರ ಹಿಂದ ಇನ್ಸುಲೇಶನ್ ಬ್ರಿಕ್ 115 ಮಿಮೀ, ಹೊರಗ 6 ಮಿಮೀ ಎಂಎಸ್ (ಸಾದಾ ಉಕ್ಕಿನ) ಶೀಟು, ಹೊರಗಿನ ಗಾಳಿ 40 ಡಿಗ್ರಿ (ಏಪ್ರಿಲ್‌ನಾಗ ಗಂಗಾವತಿಗೆ 40 ಅಂದ್ರ ದಾಕ್ಷಿಣ್ಯ ಮಾಡಿದಂಗ). ಕಂಡಕ್ಟಿವಿಟಿ (ಶಾಖ ದಾಟಿಸೋ ಗುಣ) ಫೈರ್ ಬ್ರಿಕ್‌ಗೆ 1.3, ಇನ್ಸುಲೇಶನ್‌ಗೆ 0.25, ಹೊರಗಿನ ಮುಖಕ್ಕ ಗಾಳಿದು ರೇಡಿಯೇಶನ್‌ದು ಎರಡೂ ಕೂಡಿ 15 ಹಿಡೀರಿ. ಮೀಟರ್‌ನಾಗ ದಪ್ಪ ಭಾಗಿಸು ಕಂಡಕ್ಟಿವಿಟಿ, ಹೊರಗಿನ ಮುಖಕ್ಕ 1 ಭಾಗಿಸು 15, ಎಲ್ಲಾ ಕೂಡ್ಸು, 860 ಡಿಗ್ರಿ ಅಂತರನ ಅದರಿಂದ ಭಾಗಿಸು, ಚದರ ಮೀಟರ್‌ಗೆ ಸುಮಾರು 1220 ವ್ಯಾಟ್ ಬರ್ತೈತಿ. ಎರಡು ಇಟ್ಟಂಗಿ ಕೂಡೋ ಜಾಗದಾಗ 684 ಡಿಗ್ರಿ, ಹೊರಗಿನ ಶೀಟು 122ರ ಹತ್ರ. ಫೈರ್ ಬ್ರಿಕ್‌ನಾಗ ಮಿಲಿಮೀಟರ್‌ಗೆ ಒಂದು ಡಿಗ್ರಿನೂ ಇಳಿಯಂಗಿಲ್ಲ, ಇನ್ಸುಲೇಶನ್‌ನಾಗ ಮಿಲಿಮೀಟರ್‌ಗೆ ಹೆಚ್ಚು ಕಡಿಮೆ 5 ಡಿಗ್ರಿ ಇಳೀತೈತಿ, 6 ಮಿಮೀ ಶೀಟಿನಾಗ ಪೂರ್ತಿ ಸೇರಿ ಕಾಲು ಡಿಗ್ರಿನೂ ಇಲ್ಲ.

ಈಗ ಮಜಾ ನೋಡ್ರಿ. ಈ ಸಾದಾ ಗೋಡಿಗೆ, ಕಂಡಕ್ಟಿವಿಟಿ ಬದಲಾಗಲ್ಲ ಅಂತ ಹಿಡಿದ್ರ, ಒಂದೊಂದು ಪದರಕ್ಕ ಒಂದ ಒಂದು ಎಲಿಮೆಂಟ್ ಹಾಕಿದ್ರೂ ಉತ್ತರ ಪಕ್ಕಾ ಬರ್ತೈತಿ. ಟೆಂಪರೇಚರ್ ಪ್ರತಿ ಪದರದಾಗ ಸೀದಾ ಗೆರೆ, ಸಾದಾ ಎಲಿಮೆಂಟ್‌ನೂ ಸೀದಾ ಗೆರೆ, ಮುಗೀತು. ಇಳಿತ ಜೋರಾಗಿ ಇರೋದ ಬ್ಯಾರೆ, ಇಳಿತ ಬದಲಾಗೋದ ಬ್ಯಾರೆ. ಇನ್ಸುಲೇಶನ್‌ನಾಗ 562 ಡಿಗ್ರಿ ಇಳೀತೈತಿ ಅಂತ ಹೇಳಿ ಅಲ್ಲಿ ಸಣ್ಣ ಮೆಶ್ ತುಂಬೋರು ಬಾಳ ಮಂದಿ ಅದಾರ, ಅಲ್ಲಿ ಗೆರೆ ಬಾಗೋದ ಇಲ್ಲ ಅಂದ ಮ್ಯಾಲ ಏನ್ ಹಿಡಿಯಾಕ ಅಷ್ಟು ಎಲಿಮೆಂಟು? ಬೇಕಾಗಿದ್ದು ಒಂದ, ಪದರ ಕೂಡೋ ಗೆರೆ ಮ್ಯಾಲ ಮೆಶ್‌ನ ಗೆರೆನೂ ಕುಂದರಬೇಕು, ಒಂದ ಎಲಿಮೆಂಟ್ ಅರ್ಧ ಫೈರ್ ಬ್ರಿಕ್‌ನಾಗ ಅರ್ಧ ಇನ್ಸುಲೇಶನ್‌ನಾಗ ಬೀಳಬಾರ್ದು. ಅದನ್ನ ಜಿಮೆಶ್ ತಾನ ನೋಡ್ಕೋತೈತಿ, ಎರಡು ಪದರದ ಚೌಕಗಳ ನಡುವಿನ ಗೆರೆ ಒಂದ ಗೆರೆ ಆಗಿರಬೇಕು ಅಷ್ಟ. ಓಪನ್‌ಕ್ಯಾಸ್ಕೇಡ್ ಕರ್ನಲ್‌ನಾಗ (ಜಿಮೆಶ್‌ನೊಳಗಿನ ಆಕಾರ ಬಿಡಿಸೋ ಇಂಜಿನ್) ಬ್ಯಾರೆ ಬ್ಯಾರೆ ಬಿಡಿಸಿದ್ರ ಬೂಲಿಯನ್ ಫ್ರಾಗ್‌ಮೆಂಟ್ಸ್ ಕೊಟ್ಟು ಅಂಟಿಸ್ರಿ, ಇಲ್ಲಾಂದ್ರ ಎರಡು ಪದರ ಅಕ್ಕಪಕ್ಕ ಕುಂತಂಗ ಕಾಣ್ತಾವ, ಆದ್ರ ಒಂದರಿಂದ ಒಂದಕ್ಕ ಶಾಖ ದಾಟಂಗಿಲ್ಲ.

ಹಂಗಾರ ತಾಪತ್ರಯ ಎಲ್ಲಿ? ಚೌಕಟ್ಟಿನಾಗ. 10 ಮಿಮೀ ಪ್ಲೇಟು ಒಳಗಿನ ಬೆಂಕಿ ಕಡಿಯಿಂದ ಹೊರಗಿನ ಶೀಟಿನ ತನಕ ಎರಡೂ ಇಟ್ಟಂಗಿ ಪದರ ದಾಟಿ ಬಂದೈತಿ. ಸ್ಟೀಲಿಗೆ 40 ಹಿಡಿದ್ರ ಇನ್ಸುಲೇಶನ್‌ಗಿಂತ 160 ಪಟ್ಟು ಶಾಖ ಬಿಡ್ತೈತಿ, ಅಂದ್ರ ಆ 10 ಮಿಮೀ ಪ್ಲೇಟು ಹೊರಗ ಸಾಗಿಸೋ ಶಾಖ, 1600 ಮಿಮೀ ಅಗಲದ ಇನ್ಸುಲೇಶನ್ ಗೋಡಿ ಸಾಗಿಸೋದಕ್ಕ ಸಮ. (ಸ್ಟೀಲು ಕಾದಂಗ ಕಂಡಕ್ಟಿವಿಟಿ ಕಡಿಮಿ ಆಗ್ತೈತಿ, 800 ಡಿಗ್ರಿ ಹತ್ರ 30ಕ್ಕೂ ಕೆಳಗ ಹೋಗ್ತೈತಿ, ಎಲ್ಮರ್‌ನಾಗ ಅದನ್ನ ಟೇಬಲ್ ಮಾಡಿ ಕೊಡಾಕ ಬರ್ತೈತಿ, ಕೊಡ್ರಿ.) ಪ್ಲೇಟಿನಿಂದ ಅಕ್ಕಪಕ್ಕದ ಇಟ್ಟಂಗಿಗೆ ಶಾಖ ಹಾಯೋ ಜಾಗದಾಗ ಗೆರೆ ಬಾಗ್ತಾವ, ಹೊರಗಿನ ಶೀಟಿಗೆ ಪ್ಲೇಟು ಕೂಡೋ ಮೂಲೆಯಾಗ ಇನ್ನೂ ಜೋರಾಗಿ ಬಾಗ್ತಾವ. ಸಣ್ಣ ಮೆಶ್ ಬೇಕಾಗಿದ್ದು ಅಲ್ಲಿ, ಅಲ್ಲಷ್ಟ.

ಈಗ ಆ ಬಟನ್ ಕಥಿ. ಜಿಮೆಶ್ ತೆರೆದು ಮೆಶ್ ಮೆನು ಒತ್ತಿದ್ರ "ರಿಫೈನ್ ಬೈ ಸ್ಪ್ಲಿಟ್ಟಿಂಗ್" ಅಂತ ಕಾಣ್ತೈತಿ. ಹೊಸಬ್ರೆಲ್ಲ ಅದನ್ನ ಒತ್ತತಾರ. ಅದು ಏನ್ ಮಾಡ್ತೈತಿ ಅಂದ್ರ ಕಣ್ಣು ಮುಚ್ಚಿ ಎಲ್ಲಾ ಎಲಿಮೆಂಟ್ ಒಡೀತೈತಿ, ತ್ರಿಕೋನ ಒಂದಿದ್ದದ್ದು 4 ಆಗ್ತಾವ, ತ್ರೀ-ಡಿನಾಗ ಟೆಟ್ರಾ (ನಾಲ್ಕು ಮುಖದ ತುಂಡು) ಒಂದಿದ್ದದ್ದು 8. ಎರಡು ಸಲ ಒತ್ತಿದ್ರ ತ್ರೀ-ಡಿನಾಗ 64 ಪಟ್ಟು. 8 ಜಿಬಿ ರ‍್ಯಾಮಿನ ಲ್ಯಾಪ್‌ಟಾಪು, ಮ್ಯಾಲ ಮಧ್ಯಾಹ್ನದ ಬಿಸಿಲು, ಫ್ಯಾನು ಕಿರುಚಾಕ ಹತ್ತಿದ್ರ ಪಕ್ಕದ ವೆಲ್ಡರ್ ತಿರುಗಿ ನೋಡ್ತಾನ. ಮತ್ತ ಸಿಕ್ಕಿದ್ದೇನು, ಸೀದಾ ಗೆರೆ ಇರೋ ಗೋಡಿಯಾಗ ಲಕ್ಷ ಎಲಿಮೆಂಟು. ಆ ಬಟನ್ ಕೆಲಸಕ್ಕ ಬರೋದು ಒಂದ ಕಡಿ, ಕೊನಿಗೆ ಉತ್ತರ ತಾಳೆ ನೋಡುವಾಗ, ಅದನ್ನ ಆಮ್ಯಾಲ ಹೇಳ್ತೀನಿ.

ಖರೇ ಮಾಲು ಸೈಜ್ ಫೀಲ್ಡ್, ಅಂದ್ರ ಯಾವ ಜಾಗದಾಗ ಎಲಿಮೆಂಟ್ ಎಷ್ಟು ದೊಡ್ಡದಿರಬೇಕು ಅಂತ ಹೇಳೋ ನಿಯಮ. ಇದಕ್ಕ ಸಂಬಂಧ ಪಟ್ಟ ಎರಡು ಫೀಲ್ಡು ಕಲಿತ್ರ ನಮ್ಮ ಕೆಲಸ ಮುಕ್ಕಾಲು ಮುಗಿದಂಗ. ಮೊದಲನೇದು ಡಿಸ್ಟೆನ್ಸ್, ಚೌಕಟ್ಟಿನ ಪ್ಲೇಟಿನ ಗೆರೆಗಳ ನಂಬರ್ ಕೊಟ್ರ ಗೋಡಿಯ ಪ್ರತಿ ಬಿಂದು ಆ ಗೆರೆಯಿಂದ ಎಷ್ಟು ದೂರ ಐತಿ ಅಂತ ಅಳೀತೈತಿ. ಎರಡನೇದು ಥ್ರೆಶೋಲ್ಡ್, ಆ ದೂರ ತಗೊಂಡು ಎಲಿಮೆಂಟ್ ಸೈಜ್ ತೀರ್ಮಾನ ಮಾಡ್ತೈತಿ. ನಾ ಕೊಟ್ಟಿದ್ದು: ಸಣ್ಣ ಸೈಜ್ 2 ಮಿಮೀ, ದೊಡ್ಡ ಸೈಜ್ 20 ಮಿಮೀ, 5 ಮಿಮೀ ದೂರದ ತನಕ ಸಣ್ಣದ ಇರಲಿ, 60 ಮಿಮೀ ದಾಟಿದ ಮ್ಯಾಲ ದೊಡ್ಡದಾಗಲಿ, ನಡುವ ಸಾವಕಾಶ ದೊಡ್ಡದಾಗ್ತಾ ಹೋಗಲಿ. ಆಮ್ಯಾಲ ಅದನ್ನ ಬ್ಯಾಕ್‌ಗ್ರೌಂಡ್ ಫೀಲ್ಡ್ ಅಂತ ಘೋಷಣೆ ಮಾಡೋದು. ಕೀಬೋರ್ಡಿನಾಗ 2 ಒತ್ತಿದ್ರ ಟೂ-ಡಿ ಮೆಶ್ ಬರ್ತೈತಿ, ಪ್ಲೇಟಿನ ಹತ್ರ ನೋಡಿದ್ರ ದಟ್ಟ, ಹೊರಗ ಹೋದಂಗ ಬಿಡಿ ಬಿಡಿ. ಒಂದು ಮೀಟರ್ ಗೋಡಿ ತುಂಡಿಗೆ ಎಲ್ಲಾ ಕಡಿ 20 ಮಿಮೀ ಹಾಕಿದ್ರ 2 ಸಾವಿರ ತ್ರಿಕೋನ, ಎಲ್ಲಾ ಕಡಿ 2 ಮಿಮೀ ಹಾಕಿದ್ರ 2 ಲಕ್ಷ, ಈ ಫೀಲ್ಡ್ ಹಾಕಿದ್ರ 8 ಸಾವಿರದ ಆಸುಪಾಸು. ಚೌಕಟ್ಟಿನ ಹತ್ರ ಮೂರನೇದಕ್ಕೂ ಎರಡನೇದಕ್ಕೂ ಒಂದ ಸೈಜು. 2 ಲಕ್ಷದ ಕೆಲಸ 8 ಸಾವಿರದಾಗ ಆಗ್ತೈತಿ ಅಂದ್ರ ಯಾರ್ ಬ್ಯಾಡ ಅಂತಾರ?

ಇಲ್ಲೊಂದು ಗುದ್ದು ಐತಿ ನೋಡ್ರಿ, ಟ್ಯುಟೋರಿಯಲ್‌ನಾಗ ಹೇಳ್ಯಾರ ಆದ್ರ ಯಾರೂ ಓದಂಗಿಲ್ಲ. ಜಿಮೆಶ್ ಸೈಜ್ ತೀರ್ಮಾನ ಮಾಡುವಾಗ ಫೀಲ್ಡ್ ಏನ್ ಹೇಳ್ತೈತಿ, ಪಾಯಿಂಟುಗಳಿಗೆ ಕೊಟ್ಟ ಸೈಜ್ ಏನ್ ಹೇಳ್ತೈತಿ, ಬೌಂಡರಿ (ಅಂಚಿನ ಗೆರೆ) ಸೈಜ್ ಏನ್ ಹೇಳ್ತೈತಿ ಎಲ್ಲಾ ನೋಡಿ ಅದರಾಗ ಸಣ್ಣದನ್ನ ತಗೋತೈತಿ. ಹಂಗಾಗಿ ಬೌಂಡರಿಯಿಂದ ಒಳಗ ಸೈಜ್ ಹರಡೋ ಆಪ್ಷನ್ನು, ಪಾಯಿಂಟಿನಿಂದ ಸೈಜ್ ತಗೊಳ್ಳೋ ಆಪ್ಷನ್ನು ಎರಡೂ ಸೊನ್ನೆ ಮಾಡ್ಬೇಕು, ಇಲ್ಲಾಂದ್ರ ನೀವು ಫೀಲ್ಡಿನಾಗ ಏನ ಬರೀರಿ, ಗೋಡಿ ತುಂಬ ಸಣ್ಣ ಎಲಿಮೆಂಟ್ ಹರಡಿಕೊಂಡು ಕುಂದರ್ತಾವ, ಫೀಲ್ಡ್ ಕೆಲಸ ಮಾಡಂಗಿಲ್ಲ ಅಂತ ಬೈಕೋತ ಕುಂದರ್ತೀರಿ.

ಇನ್ನ ನಾ ಇಷ್ಟ ಪಡೋದು ಡಾಟ್ ಜಿಯೋ ಫೈಲು. ಮೌಸಿಂದ ಏನ್ ಬಿಡಿಸಿದ್ರೂ ಅದು ಟೆಕ್ಸ್ಟ್ ಆಗಿ ಆ ಫೈಲಿನಾಗ ಬೀಳ್ತೈತಿ. ನಾನು ಒಂದು ಕಡಿ ನೋಟ್‌ಪ್ಯಾಡು, ಒಂದು ಕಡಿ ಜಿಮೆಶ್ ಇಟ್ಕೊಂಡು, ಇಲ್ಲಿ 2 ಇದ್ದದ್ದನ್ನ 1 ಮಾಡಿ ಸೇವ್ ಮಾಡಿ ಅಲ್ಲಿ ಸೊನ್ನೆ ಕೀ ಒತ್ತಿದ್ರ ಫೈಲ್ ಮತ್ತ ಲೋಡ್ ಆಗ್ತೈತಿ, 2 ಒತ್ತಿದ್ರ ಹೊಸ ಮೆಶ್. ಬ್ಯಾರೆ ಮಿಲ್ಲಿನವ್ರು ಬಂದು ನಮ್ದು ಇನ್ಸುಲೇಶನ್ 115 ಅಲ್ಲ 75 ಅಂದ್ರ ಒಂದು ಸಂಖ್ಯೆ ಬದಲಿ ಮಾಡಿದ್ರ ಆತು, ಮತ್ತ ಮೊದಲಿಂದ ಬಿಡಿಸೋ ಕೆಲಸ ಇಲ್ಲ. ಇದು ಒಂದ ಕಾರಣಕ್ಕ ನಾ ಬ್ಯಾರೆ ಮೆಶರ್ ಕಡಿ ಹೋಗಿಲ್ಲ ಅಂದ್ರೂ ನಡೀತೈತಿ.

ಉತ್ತರ ನಂಬಬೇಕೋ ಬ್ಯಾಡೋ ಅನ್ನೋದು ದೊಡ್ಡ ವಿಷಯ. ಪ್ಯಾರಾವ್ಯೂನಾಗ ಟೆಂಪರೇಚರ್ ಚಿತ್ರ ಯಾವಾಗ್ಲೂ ನುಣುಪಾಗಿ ಕಾಣ್ತೈತಿ, ಮೆಶ್ ಎಷ್ಟ ಒರಟಿದ್ರೂ, ಅದನ್ನ ನೋಡಿ ಮೋಸ ಹೋಗಬ್ಯಾಡ್ರಿ. ಹೀಟ್ ಫ್ಲಕ್ಸ್ (ಚದರ ಮೀಟರ್‌ಗೆ ಹರಿಯೋ ಶಾಖ) ಚಿತ್ರ ಹಾಕಿ, ಅದೂ ನೋಡ್‌ಗಳಿಗೆ (ಎಲಿಮೆಂಟಿನ ಮೂಲೆ ಬಿಂದುಗಳಿಗೆ) ಸರಾಸರಿ ಮಾಡದಂಗ ಎಲಿಮೆಂಟ್ ಎಲಿಮೆಂಟ್‌ಗೆ ಹಾಕಿ ನೋಡ್ರಿ. ಸಾದಾ ತ್ರಿಕೋನದೊಳಗ ಫ್ಲಕ್ಸ್ ಒಂದ ಬೆಲಿ, ಪಕ್ಕದ್ದರಾಗ ಇನ್ನೊಂದು, ಮೆಶ್ ಒರಟಿದ್ದಲ್ಲಿ ಕೌದಿ ತುಂಡಿನಂಗ ಬಣ್ಣ ಹಾರಿ ಹಾರಿ ಕಾಣ್ತೈತಿ. ಆ ಹಾರಾಟ ಎಲ್ಲಿ ಜೋರ ಐತೋ ಅಲ್ಲಿ ಮೆಶ್ ಸಣ್ಣ ಮಾಡ್ರಿ, ಎಲ್ಲಿ ಕಾಣಂಗಿಲ್ಲೋ ಅಲ್ಲಿ ಮುಟ್ಟಬ್ಯಾಡ್ರಿ. ಇಲ್ಲಾ ಮೆಶ್ ಮೆನುದಾಗ ಆರ್ಡರ್ 2 ಮಾಡ್ರಿ, ಎಲಿಮೆಂಟಿನ ಅಂಚಿನ ನಡುವ ಒಂದೊಂದು ನೋಡ್ ಕೂಡ್ತೈತಿ, ಬಾಗಿದ ಗೆರೆನ ಅದು ಚಂದ ಹಿಡೀತೈತಿ.

ಆದ್ರ ಒಳಮೂಲೆ ಬಂತಂದ್ರ ಎಚ್ಚರ. ಪ್ಲೇಟು ಶೀಟಿಗೆ 90 ಡಿಗ್ರಿ ಚೂಪಾಗಿ ಕೂಡೋ ಮೂಲೆಯಾಗ ಲೆಕ್ಕದ ಪ್ರಕಾರ ಫ್ಲಕ್ಸ್‌ಗೆ ಮಿತಿನ ಇಲ್ಲ. ಮೆಶ್ ಅರ್ಧ ಮಾಡಿದಂಗ ಅಲ್ಲಿನ ಫ್ಲಕ್ಸ್ ಏರ್ತಾನ ಹೋಗ್ತೈತಿ, ನೀವು ಮೆಶ್ ಸಾಲದು ಸಾಲದು ಅಂತ ಸಣ್ಣ ಮಾಡ್ಕೋತ ಹೋದ್ರ ಕರೆಂಟ್ ಹೋಗೋದ ಕೊನಿ. ಅದು ಸಾಫ್ಟ್‌ವೇರಿನ ದೋಷ ಅಲ್ಲ, ಚೂಪು ಮೂಲೆಯ ಗುಣ. ಟೆಂಪರೇಚರ್ ಮಾತ್ರ ಅಲ್ಲೂ ನಿಲ್ತೈತಿ, ಆದ್ರ ಸಾವಕಾಶ. ಎರಡು ದಾರಿ ಅದಾವ: ಖರೇ ವೆಲ್ಡಿಂಗ್‌ನಾಗ ಮೂಲೆ ಚೂಪಾಗಿ ಇರಂಗ ಇಲ್ಲ, 3-4 ಮಿಮೀ ದುಂಡಗ ಇರ್ತೈತಿ, ಅದನ್ನ ಬಿಡಿಸ್ರಿ. ಇಲ್ಲಾ ಒಂದು ಬಿಂದುವಿನ ಫ್ಲಕ್ಸ್ ಬಿಟ್ಟು ಹೊರಗಿನ ಮುಖದಿಂದ ಒಟ್ಟು ಎಷ್ಟು ವ್ಯಾಟ್ ಹೊರಗ ಹೋಗ್ತೈತಿ ಅಂತ ನೋಡ್ರಿ, ಅದು ಮರ್ಯಾದಿಂದ ಒಂದು ಕಡಿ ನಿಲ್ಲೋ ಸಂಖ್ಯೆ.

ತಾಳೆ ನೋಡೋದು ಹಿಂಗ. ಫೀಲ್ಡ್ ಹಾಕಿ ಮಾಡಿದ ಮೆಶ್ ಒಂದು, ಅದನ್ನ ಆ ಸ್ಪ್ಲಿಟ್ಟಿಂಗ್ ಬಟನ್ ಒತ್ತಿ ಒಡೆದದ್ದು ಒಂದು, ಇನ್ನೊಂದ್ ಸಲ ಒಡೆದದ್ದು ಒಂದು. ಇಲ್ಲಿ ಮಾತ್ರ ಆ ಬಟನ್‌ಗೆ ಬೆಲಿ, ಯಾಕಂದ್ರ ಎಲ್ಲಾ ಕಡಿ ಸೈಜ್ ಬರೋಬ್ಬರಿ ಅರ್ಧ ಆಗ್ತೈತಿ. ಮೂರರಾಗೂ ಚೌಕಟ್ಟಿನ ಪಕ್ಕ ಹೊರಗಿನ ಶೀಟಿನ ಟೆಂಪರೇಚರ್ ಬರ್ಕೋರಿ. ಸಾದಾ ಎಲಿಮೆಂಟ್‌ಗೆ ತಪ್ಪು ಸೈಜಿನ ವರ್ಗದಂಗ ಇಳೀತೈತಿ, ಅಂದ್ರ ಸೈಜ್ ಅರ್ಧ ಆದ್ರ ತಪ್ಪು ಕಾಲು ಭಾಗ ಆಗ್ಬೇಕು, ಮೊದಲಿನ ಎರಡರ ಅಂತರ ಮುಂದಿನ ಎರಡರ ಅಂತರದ 4 ಪಟ್ಟು ಇರಬೇಕು. ಹಂಗ ಬಂದ್ರ ರಿಚರ್ಡ್‌ಸನ್ ಲೆಕ್ಕ ಹಚ್ಚಿ, ಕೊನಿ ಅಂತರದ ಮೂರನೇ ಒಂದು ಭಾಗನ ಅದು ಹೋಗ್ತಿರೋ ದಿಕ್ಕಿನಾಗ ಕೊನಿ ಉತ್ತರಕ್ಕ ಕೂಡಿಸಿದ್ರ ಖರೇ ಬೆಲಿಗೆ ಭಾಳ ಹತ್ರ ಹೋಗ್ತೀರಿ. 4 ಪಟ್ಟು ಬರದ ಎರಡು, ಎರಡೂವರೆ ಹಂಗ ಬಂದ್ರ ಎಲ್ಲೋ ಒಂದು ಚೂಪು ಮೂಲೆ ಆಟ ಆಡಾಕತ್ತೈತಿ ಅಂತ ತಿಳ್ಕೋರಿ. ಪ್ಯಾಟ್ರಿಕ್ ರೋಚ್ 1994ರಾಗ ಇದನ್ನ ಗ್ರಿಡ್ ಕನ್ವರ್ಜೆನ್ಸ್ ಇಂಡೆಕ್ಸ್ ಅಂತ ಒಂದು ಅಚ್ಚುಕಟ್ಟು ವಿಧಾನ ಮಾಡಿಕೊಟ್ಟಾರ, ರಿಪೋರ್ಟಿನಾಗ ತೋರಿಸ್ಬೇಕು ಅನ್ನೋರು ಅದನ್ನ ಹಾಕ್ರಿ. ನಮ್ಮ ಸಾವ್ಕಾರ್ರಿಗೆ ಶೀಟು ಎಷ್ಟು ಬಿಸಿ ಅಂತ ಒಂದು ಸಂಖ್ಯೆ ಬೇಕಿತ್ತು, ಡಿಗ್ರಿಯ ಪಾಯಿಂಟ್ ಯಾರಿಗ್ ಬೇಕು, ಪೇಂಟ್ ಸುಡೋದು ಪಾಯಿಂಟಿನ ಮ್ಯಾಲ ಅಲ್ಲ.

ಬೆಳಿಗ್ಗೆ ಬೆಂಕಿ ಹಚ್ಚಿದಾಗಿಂದ ಗೋಡಿ ಹೆಂಗ್ ಕಾಯ್ತೈತಿ ಅಂತ ಟೈಮ್ ಪ್ರಕಾರ ಲೆಕ್ಕ ಮಾಡೋರಿಗೆ ಇನ್ನೊಂದು ಮಾತು. 230 ಮಿಮೀ ಫೈರ್ ಬ್ರಿಕ್ ಪೂರ್ತಿ ಕಾಯಾಕ ಹೆಚ್ಚು ಕಡಿಮಿ ಒಂದು ಹಗಲು ಒಂದು ರಾತ್ರಿ ಹಿಡೀತೈತಿ. ಎಲ್ಲಾರ ತಲಿಯಾಗೂ ಟೈಮ್ ಸ್ಟೆಪ್ ಸಣ್ಣದಿದ್ದಷ್ಟು ಚೊಲೋ ಅಂತ ಇರ್ತೈತಿ, ಇಲ್ಲಿ ಅದು ಉಲ್ಟಾ ಹೊಡೀತೈತಿ. ಮೆಶ್ ಒರಟು, ಸ್ಟೆಪ್ ಸಣ್ಣದು ಇದ್ರ ಬಿಸಿ ಮುಖದ ಪಕ್ಕದ ನೋಡ್ 40 ಡಿಗ್ರಿಗಿಂತ ಕೆಳಗ ಹೋಗ್ತೈತಿ, ಅಂದ್ರ ಬೆಂಕಿ ಹಚ್ಚಿದ ಕೂಡ್ಲೇ ಇಟ್ಟಂಗಿ ತಣ್ಣಗಾತು ಅಂತ ಸಾಫ್ಟ್‌ವೇರ್ ಹೇಳ್ತೈತಿ. ಸ್ಟೆಪ್ ಕನಿಷ್ಠ ಎಷ್ಟಿರಬೇಕು ಅನ್ನೋದಕ್ಕ ಅಂದಾಜು ಸೂತ್ರ ಐತಿ: ಎಲಿಮೆಂಟ್ ಸೈಜಿನ ವರ್ಗಾನ ಡೆನ್ಸಿಟಿ, ಸ್ಪೆಸಿಫಿಕ್ ಹೀಟ್ ಎರಡರಿಂದ ಗುಣಿಸಿ 6 ಸಲ ಕಂಡಕ್ಟಿವಿಟಿಯಿಂದ ಭಾಗಿಸೋದು. ಫೈರ್ ಬ್ರಿಕ್ ಡೆನ್ಸಿಟಿ 2000, ಸ್ಪೆಸಿಫಿಕ್ ಹೀಟ್ 1000 ಹಿಡಿದ್ರ 20 ಮಿಮೀ ಎಲಿಮೆಂಟ್‌ಗೆ 100 ಸೆಕೆಂಡ್ ಹತ್ರ, 5 ಮಿಮೀ ಎಲಿಮೆಂಟ್‌ಗೆ 6-7 ಸೆಕೆಂಡು. ಮೊದಲ ನಿಮಿಷದ ಲೆಕ್ಕ ಬೇಕಂದ್ರ ಬಿಸಿ ಮುಖದ ಹತ್ರ ಇನ್ನೊಂದು ಥ್ರೆಶೋಲ್ಡ್ ಹಾಕಿ ಸಣ್ಣ ಮೆಶ್ ಮಾಡ್ಲೇಬೇಕು, ಎರಡು ಫೀಲ್ಡ್ ಕೂಡಿಸಾಕ ಮಿನ್ ಅನ್ನೋ ಫೀಲ್ಡ್ ಐತಿ, ಎರಡರಾಗ ಸಣ್ಣದನ್ನ ಆರಿಸ್ತೈತಿ.

ಎಲ್ಮರ್ ಬಗ್ಗೆ ಜಾಸ್ತಿ ಬರಿಯಂಗಿಲ್ಲ, ಅದಕ್ಕ ಬ್ಯಾರೆ ರಿವ್ಯೂ ಬೇಕು. ಜಿಮೆಶ್ ಫೈಲು ಎಲ್ಮರ್‌ಗ್ರಿಡ್ ಅನ್ನೋದರಿಂದ ದಾಟಿಸಬೇಕು, ಕಮಾಂಡಿನಾಗ 14 ಅಂದ್ರ ಜಿಮೆಶ್, 2 ಅಂದ್ರ ಎಲ್ಮರ್. ಹಳೇ ವರ್ಷನ್ ಎಲ್ಮರ್ ಇದ್ರ ಜಿಮೆಶ್‌ನಾಗ ಸೇವ್ ಮಾಡುವಾಗ ವರ್ಷನ್ 2 ಫಾರ್ಮ್ಯಾಟ್ ಆರಿಸ್ರಿ. ಜಿಮೆಶ್‌ಗೆ ಮಿಲಿಮೀಟರು ಮೀಟರು ಅನ್ನೋ ಭೇದ ಇಲ್ಲ, ಬರೀ ಸಂಖ್ಯೆ, ಮಿಮೀನಾಗ ಬಿಡಿಸಿದ್ರ ಎಲ್ಮರ್‌ನಾಗ ಕೋಆರ್ಡಿನೇಟ್ ಸ್ಕೇಲಿಂಗ್ 0.001 ಕೊಡ್ರಿ. ರೇಡಿಯೇಶನ್ ಕಂಡಿಷನ್ ಹಾಕೋರು ಎಲ್ಲಾ ಟೆಂಪರೇಚರ್ ಕೆಲ್ವಿನ್‌ನಾಗ ಕೊಡ್ರಿ, ನಾಲ್ಕನೇ ಘಾತ ಬರೋ ಕಡಿ ಡಿಗ್ರಿ ಸೆಲ್ಸಿಯಸ್ ನಡಿಯಂಗಿಲ್ಲ.

ಮಿಲ್ಲಿನ ಕೆಲಸಕ್ಕ ಬಂದ್ರ, ಚಿತ್ರ ನೋಡಿದ ಮ್ಯಾಲ ಉಪಾಯ ತಾನ ಕಂಡ್ತು: ಚೌಕಟ್ಟನ್ನ ನಡುವ ಕತ್ತರಿಸಿ ಒಳಗಿನ ಅರ್ಧಕ್ಕೂ ಹೊರಗಿನ ಅರ್ಧಕ್ಕೂ ನಡುವ ಸೆರಾಮಿಕ್ ಫೈಬರ್ ತುಂಬೋದು, ಶಾಖದ ದಾರಿ ಅಲ್ಲೇ ಕಡಿದಂಗ. ಜಿಯೋ ಫೈಲಿನಾಗ ಪ್ಲೇಟನ್ನ ಎರಡು ತುಂಡು ಮಾಡಿ ನಡುವ 25 ಮಿಮೀ ಫೈಬರ್ ಇಟ್ಟು ಓಡಿಸಿದಾಗ ಕೆಂಪು ನಾಲಿಗಿ ಹೊರಗಿನ ಶೀಟು ಮುಟ್ಟೋದು ನಿಂತಿತು. ಸಾವ್ಕಾರ್ರು ಆ ಚಿತ್ರ ನೋಡಿ "ಇದು ತಿಳೀತ್ ನೋಡ್ರಿ" ಅಂದ್ರು, ರೇಟ್ ಮಾತ್ರ ಹಳೇದ ಮಾಡ್ರಿ ಅಂತ ಜಗ್ಗಾಡಿದ್ರು, ಅದು ಬ್ಯಾರೆ ಕಥಿ.

ಇಳಿಸ್ಕೊಳ್ಳೋರಿಗೆ: ವಿಂಡೋಸ್‌ಗೆ ಝಿಪ್ ಸಿಗ್ತೈತಿ, ಬಿಚ್ಚಿ ಡಬಲ್ ಕ್ಲಿಕ್ ಮಾಡಿದ್ರ ಓಡ್ತೈತಿ, ಇನ್‌ಸ್ಟಾಲ್ ಮಾಡೋ ರಗಳಿ ಇಲ್ಲ. ಟೂ-ಡಿ ಕೆಲಸಕ್ಕ ಯಾವ ಹಳೇ ಲ್ಯಾಪ್‌ಟಾಪ್ ಆದ್ರೂ ಸಾಕು. ಗೋಡಿ ಉದ್ದಕ್ಕೂ ಒಂದ ಥರ ಇದ್ರ, ಇಲ್ಲಾ ದುಂಡನೆ ಫರ್ನೆಸ್ ಇದ್ರ ಆಕ್ಸಿ-ಸಿಮ್ಮೆಟ್ರಿಕ್ (ನಡುವಿನ ಅಕ್ಷದ ಸುತ್ತ ಎಲ್ಲಾ ಕಡಿ ಒಂದ ಥರ) ಹಿಡಿದು ಟೂ-ಡಿನಾಗ ಮುಗಸ್ರಿ, ತ್ರೀ-ಡಿ ಆಸಿಗೆ ಬೀಳಬ್ಯಾಡ್ರಿ. ಮತ್ತ ಸಿಂಧನೂರಿನ ಗೆಳೆಯ ಒಬ್ಬಾಂವ ಕೇಳಿದ್ದಕ್ಕ ಇಲ್ಲೂ ಬರೀತೀನಿ, ಗೋಡಿ ಪೂರ್ತಿ 900 ಡಿಗ್ರಿ ಒಂದ ಬಣ್ಣ ತೋರಿಸಿದ್ರ ಮೆಶ್ ಸಣ್ಣ ಮಾಡಾಕ ಹೋಗಬ್ಯಾಡ್ರಿ, ಫಿಸಿಕಲ್ ಗ್ರೂಪ್ (ಗೆರೆ, ಪದರಗಳಿಗೆ ಹೆಸರು ಕೊಟ್ಟು ಮಾಡೋ ಗುಂಪು) ನೋಡ್ರಿ. ಒಂದ್ ಸಲ ಯಾವುದಾದ್ರೂ ಫಿಸಿಕಲ್ ಗ್ರೂಪ್ ಮಾಡಿದ್ರ ಜಿಮೆಶ್ ಗ್ರೂಪಿನಾಗ ಇದ್ದದ್ದನ್ನಷ್ಟ ಸೇವ್ ಮಾಡ್ತೈತಿ, ಹೊರಗಿನ ಮುಖದ ಗೆರೆ ಗ್ರೂಪಿನಾಗ ಇಲ್ಲಾಂದ್ರ ಎಲ್ಮರ್‌ಗೆ ಅದು ಕಾಣಂಗಿಲ್ಲ, ಅಲ್ಲಿಂದ ಶಾಖ ಹೊರಗ ಹೋಗಂಗಿಲ್ಲ ಅಂತ ಹಿಡೀತೈತಿ, ಗೋಡಿ ಪೂರ್ತಿ ಒಲಿಯಷ್ಟ ಕಾಯ್ತೈತಿ. ಆ ಗೆರೆಗೆ ಒಂದು ಗ್ರೂಪ್ ಕೊಟ್ಟು ಮತ್ತ ಸೇವ್ ಮಾಡಿದ್ರ ಆತು.